ಅಪಾಚಿ ಆರ್‌ಆರ್ 310ರ ಎಂಜಿನ್ ಬಿಎಂಡಬ್ಲ್ಯುನದಾ, ಟಿವಿಎಸ್‌ನದಾ?

ನೀವು ಟಿವಿಎಸ್‌ನ ಅಪಾಚಿ ಆರ್‌ಆರ್ 310 ಬೈಕ್ ತಗೊಳ್ಳುವ ಯೋಚನೆಯಲ್ಲಿದ್ದೀರಿ. ಒಬ್ಬರು "ಒಳಗಿರೋದು ಅಪ್ಪಟ ಬಿಎಂಡಬ್ಲ್ಯು ಎಂಜಿನ್" ಅಂದರೆ ಇನ್ನೊಬ್ಬರು "ಅದೆಲ್ಲ ಹೆಸರಿನ ಆಟ, ಪೂರ್ತಿ ಟಿವಿಎಸ್‌ನ ಹೊಸೂರು ಕಾರ್ಖಾನೆಯ ಮಾಲು" ಅಂತಾರೆ. ಯಾರನ್ನು ನಂಬಬೇಕು, ಎರಡು ಕಂಪನಿ ಸೇರಿ ಎಂಜಿನ್ ಮಾಡುವುದು ಅಂದರೆ ಏನು, ಬಿಎಂಡಬ್ಲ್ಯು ಬ್ಯಾಡ್ಜ್ ಇರುವ ಜಿ 310 ಆರ್‌ಆರ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಎಂಜಿನ್ನಿನಲ್ಲಿ ಏನಾದರೂ ಹೆಚ್ಚು ಸಿಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಓಡಿಸುವುದು ಬಿಎಸ್ 6 ಆರ್‌ಆರ್ 310. ಜೊತೆಗೆ ಬರುವ ಗೆಳೆಯನ ಹತ್ತಿರ ಇದೇ ಎಂಜಿನ್ನಿನ ಬಿಎಂಡಬ್ಲ್ಯು ಜಿ 310 ಆರ್ ಇದೆ. ಅದನ್ನೂ ಸಾಕಷ್ಟು ಓಡಿಸಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಎಂಜಿನ್ನಿನ ಮೂಲ ಯೋಚನೆ ಬಿಎಂಡಬ್ಲ್ಯುವಿನ ಊರಾದ ಮ್ಯೂನಿಕ್‌ನದು, ಅದನ್ನು ಈ ಬೆಲೆಗೆ ಕೈಗೆಟುಕುವಂತೆ ಮಾಡಿದ್ದು ಹೊಸೂರು, ಇಷ್ಟು ವರ್ಷ ಬಿಡದೆ ಬೆಳೆಸುತ್ತಾ ಬಂದಿದ್ದು ಟಿವಿಎಸ್. ಇವತ್ತು ಕೊಳ್ಳುವವರಿಗೆ ಲೆಕ್ಕಕ್ಕೆ ಬರುವುದು ಈ ಕೊನೆಯ ಮಾತು.

ಸಣ್ಣ ಬೈಕುಗಳನ್ನು ಒಟ್ಟಿಗೆ ಮಾಡುವ ಟಿವಿಎಸ್, ಬಿಎಂಡಬ್ಲ್ಯು ಒಪ್ಪಂದಕ್ಕೆ ಸಹಿ ಬಿದ್ದಿದ್ದು 2013ರ ಏಪ್ರಿಲ್‌ನಲ್ಲಿ. ಆಗ ಎರಡೂ ಕಡೆ ಏನು ಇತ್ತು, ಏನು ಇರಲಿಲ್ಲ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬಿಎಂಡಬ್ಲ್ಯು 250 ಸಿಸಿಯ ಆರ್ 27 ಬೈಕನ್ನು 1966ರಲ್ಲಿ ನಿಲ್ಲಿಸಿದ ಮೇಲೆ ಆ ಅಳತೆಯ ಬೈಕಿಗೆ ಕೈ ಹಾಕಿರಲಿಲ್ಲ. ಸಣ್ಣ ಎಂಜಿನ್ನನ್ನು ಕಡಿಮೆ ಖರ್ಚಿನಲ್ಲಿ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಾಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಟಿವಿಎಸ್ ಹತ್ತಿರ ಆಗ ಇದ್ದ ದೊಡ್ಡ ಬೈಕ್ ಅಂದರೆ ಅಪಾಚಿ ಆರ್‌ಟಿಆರ್ 180. ರೇಸಿಂಗ್ ಅನುಭವ ಬೇಕಾದಷ್ಟಿತ್ತು, ಆದರೆ ಲಿಕ್ವಿಡ್ ಕೂಲಿಂಗ್, ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಹತ್ತು ಸಾವಿರ ಆರ್‌ಪಿಎಂ ಹತ್ತಿರ ತಿರುಗುವ ದೊಡ್ಡ ಪಿಸ್ಟನ್, ಇದೆಲ್ಲ ಒಟ್ಟಿಗೆ ಇರುವ ರಸ್ತೆ ಬೈಕನ್ನು ಅವರು ಮಾರಿರಲಿಲ್ಲ.

ಪಾಲುದಾರಿಕೆ ಅನ್ನುವುದು ಟಿವಿಎಸ್‌ಗೆ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿವಿಎಸ್ ಸುಜುಕಿ ಮ್ಯಾಕ್ಸ್ 100, ಸಮುರಾಯ್ ಇದ್ದವು. 2001ರಲ್ಲಿ ಸುಜುಕಿ ಬೇರೆಯಾದಾಗ ಇನ್ನು ಕಂಪನಿ ಕಷ್ಟ ಅಂದವರು ಬಹಳ ಜನ. ಅದೇ ವರ್ಷ ಸ್ವಂತದ ವಿಕ್ಟರ್ ಬಂತು, 2006ರಲ್ಲಿ ಮೊದಲ ಅಪಾಚಿ ಬಂತು. ಬೇರೆಯವರ ಜೊತೆ ಕೆಲಸ ಮಾಡಿ, ಕಲಿತು, ಆಮೇಲೆ ತಮ್ಮ ದಾರಿ ಹಿಡಿಯುವುದನ್ನು ಅವರು ಒಮ್ಮೆ ಮಾಡಿ ತೋರಿಸಿದ್ದಾರೆ. ಆರ್‌ಆರ್ 310 ವಿಷಯ ಮಾತಾಡುವಾಗ ಇದನ್ನು ಮರೆಯಬಾರದು.

ಈಗ ಎಂಜಿನ್ನಿಗೆ ಬರೋಣ. ನನಗೆ ನಿಜವಾಗಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಶೋರೂಮಿಗೆ ಹೋದಾಗ ಇದೇ ಎಂಜಿನ್ನಿನ ಆರ್‌ಟಿಆರ್ 310 ಥರದ, ಫೇರಿಂಗ್ (ಮೈ ಮುಚ್ಚುವ ಹೊದಿಕೆ) ಇಲ್ಲದ ಬೈಕ್ ಸಿಕ್ಕರೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಂಜಿನ್ನಿನ ಮುಂಭಾಗ ನೋಡಿ. ಬೇರೆ ಬೈಕುಗಳಲ್ಲಿ ಸಿಲಿಂಡರ್ ಹೆಡ್‌ನ (ಸಿಲಿಂಡರಿನ ಮೇಲಿನ ಭಾಗದ) ಮುಂದಿನಿಂದ ಹೊಗೆಯ ಬೆಂಡ್ ಪೈಪ್ ಹೊರಟು, ರೇಡಿಯೇಟರ್ ಹಿಂದೆ ಕೆಳಗಿಳಿದು, ಎಂಜಿನ್ ಅಡಿಯಿಂದ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಇಲ್ಲಿ ಮುಂದೆ ಆ ಪೈಪೇ ಇಲ್ಲ. ಸಿಲಿಂಡರ್ ಹಿಂದಕ್ಕೆ ವಾಲಿದೆ, ಹೆಡ್ಡನ್ನು ಪೂರ್ತಿ ತಿರುಗಿಸಿ ಕೂರಿಸಿದ್ದಾರೆ. ಗಾಳಿ, ಪೆಟ್ರೋಲು ಒಳಗೆ ಹೋಗುವುದು ಮುಂದಿನಿಂದ. ಹೊಗೆ ಹೊರಗೆ ಬರುವುದು ಹಿಂದಿನಿಂದ, ಸೀಟಿನ ಕಡೆಯಿಂದ. ಯಮಹಾ 2010ರ ವೈಝಡ್ 450 ಎಫ್ ಮೋಟೋಕ್ರಾಸ್ ಬೈಕಿನಲ್ಲಿ ಹೀಗೆ ಮಾಡಿತ್ತು. ಆದರೆ ಅಂಗಡಿಗೆ, ಆಫೀಸಿಗೆ ಹೋಗಿಬರುವ ರಸ್ತೆ ಬೈಕಿನಲ್ಲಿ ಇದು ಅಪರೂಪ.

ಇಷ್ಟು ತಲೆಕೆಳಗು ಯಾಕೆ ಮಾಡಬೇಕಿತ್ತು? ಮುಂದೆ ಬೆಂಡ್ ಪೈಪ್ ಇದ್ದರೆ ಮುಂದಿನ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಅದಕ್ಕೆ ಜಾಗ ಬಿಡಬೇಕು, ಬ್ರೇಕ್ ಹಿಡಿದಾಗ ಫೋರ್ಕ್ ಕುಸಿದು ಚಕ್ರ ಹಿಂದೆ ಬರುವುದಕ್ಕೂ ಬಿಡಬೇಕು. ಆ ಪೈಪ್ ಹಿಂದೆ ಹೋದರೆ, ಸಿಲಿಂಡರೂ ಹಿಂದೆ ವಾಲಿದರೆ, ಎಂಜಿನ್ನಿನ ಭಾರವಾದ ಭಾಗವನ್ನು ಮುಂದಿನ ಚಕ್ರದ ಹತ್ತಿರಕ್ಕೆ ತಳ್ಳಬಹುದು. ಮುಂದಿನ ಟೈರಿನ ಮೇಲೆ ಭಾರ ಬೀಳುತ್ತದೆ. ಹಿಂದೆ ಉಳಿದ ಜಾಗದಲ್ಲಿ ಉದ್ದದ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಹಾಕಬಹುದು. ಸ್ವಿಂಗ್‌ಆರ್ಮ್ ಉದ್ದ ಇದ್ದಷ್ಟೂ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಕೋನ ಕಡಿಮೆ ಬದಲಾಗುತ್ತದೆ, ಥ್ರಾಟಲ್ ತಿರುಚಿದಾಗ ಬೈಕ್ ಗಲಿಬಿಲಿಯಾಗುವುದಿಲ್ಲ. ಇಷ್ಟೆಲ್ಲ ಆದರೂ ಆರ್‌ಆರ್ 310ರ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ದೂರ, 1365 ಮಿ.ಮೀ. ಮಾತ್ರ.

ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಇದು ಕೈಗೆ ಗೊತ್ತಾಗುತ್ತದೆ. ತಿರುವಿಗೆ ಬಗ್ಗಿಸಿದ ಮೇಲೆ ಮುಂದಿನ ಟೈರ್ ಎಲ್ಲಿದೆ, ರಸ್ತೆ ಹೇಗಿದೆ ಅನ್ನುವ ಸುದ್ದಿ ಹ್ಯಾಂಡಲ್‌ಗೆ ಬರುತ್ತಲೇ ಇರುತ್ತದೆ. ಗೆಳೆಯನ ಜಿ 310 ಆರ್‌ನಲ್ಲಿ ಕೂರುವ ಭಂಗಿ ಬೇರೆ, ಹ್ಯಾಂಡಲ್ ಬೇರೆ, ಆದರೂ ಮುಂಭಾಗದ ಆ ಭರವಸೆ ಅದೇ. ನನ್ನ ಪ್ರಕಾರ ಈ ಪಾಲುದಾರಿಕೆಯ ನಿಜವಾದ ಫಲ ಇದು. ಹಾರ್ಸ್‌ಪವರ್ ಚರ್ಚೆಯಲ್ಲಿ ಇದರ ಮಾತೇ ಬರುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿಸಿ ಹೊಗೆ ಹೊರಡುವ ಜಾಗ ಗಾಳಿಗೆ ಎದುರಾಗಿಲ್ಲ, ನಿಮ್ಮ ತೊಡೆಗಳ ನಡುವೆ ಇದೆ. ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನ್ ಶುರುವಾದರೆ ಕಾಲಿಗೆ ಶಾಖ ತಟ್ಟುತ್ತದೆ. ಬೈಕ್ ಚಲಿಸಲು ಶುರುವಾದರೆ ಸರಿಹೋಗುತ್ತದೆ. ದಿನವೂ ಎರಡು ಗಂಟೆ ಟ್ರಾಫಿಕ್‌ನಲ್ಲೇ ಕಳೆಯುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

"ಇದು ಎಸ್ 1000 ಆರ್‌ಆರ್‌ನ (ಬಿಎಂಡಬ್ಲ್ಯುವಿನ ನಾಲ್ಕು ಸಿಲಿಂಡರಿನ ದೊಡ್ಡ ಸ್ಪೋರ್ಟ್ಸ್ ಬೈಕಿನ) ಕಾಲು ಭಾಗ" ಅಂತಲೂ ಕೇಳಿರುತ್ತೀರಿ. ಅದು ಎಲ್ಲಿಂದ ಬಂತು ಅಂದರೆ, ಎರಡರ ಸಿಲಿಂಡರ್ ಅಗಲವೂ 80 ಮಿ.ಮೀ. ನಾಲ್ಕು ವಾಲ್ವ್, ಎರಡು ಕ್ಯಾಮ್, ಸವೆಯದಂತೆ ಡಿಎಲ್‌ಸಿ ಅನ್ನುವ ಗಟ್ಟಿ ಇಂಗಾಲದ ಲೇಪನ ಮಾಡಿದ ಫಿಂಗರ್ ಫಾಲೋವರ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಸಣ್ಣ ಸನ್ನೆ), ಇವೆಲ್ಲ ಆ ದೊಡ್ಡ ಬೈಕಿನ ಜಾತಿಯವೇ. ಆದರೆ ಪಿಸ್ಟನ್ ಓಡಾಡುವ ದೂರ ಅಲ್ಲಿ 49.7 ಮಿ.ಮೀ., ಇಲ್ಲಿ 62.1. ಸ್ವಭಾವ ಬದಲಾಗುವುದು ಅಲ್ಲೇ. 9700 ಆರ್‌ಪಿಎಂನಲ್ಲಿ ಈ ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20 ಮೀಟರ್. ದಿನಬಳಕೆಯ ಸಿಂಗಲ್ ಸಿಲಿಂಡರಿಗೆ ಇದು ಸಣ್ಣ ಸಂಗತಿಯಲ್ಲ. ಅಷ್ಟು ದೊಡ್ಡ ಒಂಟಿ ಪಿಸ್ಟನ್ ಅಷ್ಟು ಜೋರಾಗಿ ಓಡಿದರೆ, ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ಕಂಪನ ಪೂರ್ತಿ ಹೋಗುವುದಿಲ್ಲ. ಮೊದಲ ವರ್ಷಗಳ ಆರ್‌ಆರ್ 310 ಬಗ್ಗೆ ಕಂಪನದ ದೂರು ಇದ್ದದ್ದು ನಿಜ, ನಂತರದ ಮಾದರಿಗಳಲ್ಲಿ ಅದು ಗಣನೀಯವಾಗಿ ಇಳಿದದ್ದೂ ನಿಜ.

ಪಾಲುದಾರಿಕೆಗಳೆಲ್ಲ ಒಂದೇ ಥರ ಇರುವುದಿಲ್ಲ. ಬಜಾಜ್ 2007ರಲ್ಲಿ ಕೆಟಿಎಂನ ಪಾಲು ಕೊಂಡ ಮೇಲೆ ಬಂದ ಡ್ಯೂಕ್ 200, ಪಲ್ಸರ್ 200 ಎನ್‌ಎಸ್ ನೋಡಿ. ಬೋರ್ (ಸಿಲಿಂಡರ್ ಅಗಲ), ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡರಲ್ಲೂ ಒಂದೇ, 72 ಮತ್ತು 49 ಮಿ.ಮೀ. ಆದರೆ ಹೆಡ್ ಬೇರೆ ಬೇರೆ: ಕೆಟಿಎಂಗೆ ಎರಡು ಕ್ಯಾಮ್, ಪಲ್ಸರ್‌ಗೆ ಒಂದೇ ಕ್ಯಾಮ್, ಮೂರು ಸ್ಪಾರ್ಕ್ ಪ್ಲಗ್. ಅಂದರೆ ಅಡಿಪಾಯ ಹಂಚಿಕೊಂಡು ಮೇಲಿನ ಮನೆ ಬೇರೆ ಕಟ್ಟಿಕೊಂಡರು. ಟಿವಿಎಸ್ ಮತ್ತು ಬಿಎಂಡಬ್ಲ್ಯು ಹಾಗೆ ಮಾಡಲಿಲ್ಲ. 34 ಪಿಎಸ್‌ನ (ಪಿಎಸ್ ಅಂದರೆ ಹಾರ್ಸ್‌ಪವರ್ ಅಳತೆ) ಮೊದಲ ಎಂಜಿನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎರಡೂ ತಯಾರಾಗಿದ್ದು ಹೊಸೂರಿನಲ್ಲೇ, ಹೊರದೇಶಗಳಿಗೆ ಬಿಎಂಡಬ್ಲ್ಯು ಹೆಸರಲ್ಲಿ ಹೋಗಿದ್ದೂ ಅಲ್ಲಿಂದಲೇ.

ಬೆಲೆ ಮಾತ್ರ ಒಂದೇ ಇರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಪೂರ್ತಿ ಫೇರಿಂಗ್ ಇರುವ ಆರ್‌ಆರ್ 310 ಬಂದಾಗ ಎಕ್ಸ್ ಶೋರೂಂ 2.05 ಲಕ್ಷ. 2018ರ ಜುಲೈನಲ್ಲಿ ಬಂದ, ಫೇರಿಂಗ್ ಇಲ್ಲದ ಜಿ 310 ಆರ್ 2.99 ಲಕ್ಷ. 2020ರಲ್ಲಿ ಬಿಎಂಡಬ್ಲ್ಯು ಅದನ್ನು 2.45 ಲಕ್ಷಕ್ಕೆ ಇಳಿಸಿತು. ಬ್ಯಾಡ್ಜ್‌ಗೆ ಇಲ್ಲಿನ ಜನ ಎಷ್ಟು ಕೊಡಲು ಸಿದ್ಧ ಅನ್ನುವುದು ಅದರಲ್ಲೇ ತಿಳಿಯುತ್ತದೆ. 2022ರಲ್ಲಿ ಬಂದ ಜಿ 310 ಆರ್‌ಆರ್ ಅಂತೂ ಬಣ್ಣ, ಬ್ಯಾಡ್ಜ್ ಬದಲಿಸಿದ ಆರ್‌ಆರ್ 310. ಅದರಲ್ಲಿ ತಪ್ಪೇನಿಲ್ಲ, ಆದರೆ ಎಂಜಿನ್ನಿಗಾಗಿ ಹೆಚ್ಚು ಕೊಡುತ್ತಿದ್ದೇನೆ ಅಂದುಕೊಂಡು ಕೊಡಬೇಡಿ.

ನಿಮ್ಮ ನಿರ್ಧಾರ ನಿಲ್ಲಬೇಕಾದದ್ದು ಇಲ್ಲಿಂದ ಮುಂದಿನ ಕಥೆಯ ಮೇಲೆ. 2019ರಲ್ಲಿ ಟಿವಿಎಸ್ ಸ್ಲಿಪ್ಪರ್ ಕ್ಲಚ್ (ಜೋರಾಗಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ತಡವರಿಸದಂತೆ ನೋಡುವ ಕ್ಲಚ್) ಕೊಟ್ಟಿತು. 2020ರ ಬಿಎಸ್ 6 ಮಾದರಿಗೆ ರೈಡ್ ಬೈ ವೈರ್ (ಕೇಬಲ್ ಬದಲು ಎಲೆಕ್ಟ್ರಾನಿಕ್) ಥ್ರಾಟಲ್, ನಾಲ್ಕು ಮೋಡ್ ಬಂದವು. ರೇನ್, ಅರ್ಬನ್ ಮೋಡ್‌ಗಳಲ್ಲಿ ಪವರ್ 25.8 ಪಿಎಸ್‌ಗೆ ಇಳಿಯುತ್ತದೆ, ಮಳೆಯಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. 2023ರ ಆರ್‌ಟಿಆರ್ 310ರಲ್ಲಿ ಅದೇ 312 ಸಿಸಿ ಎಂಜಿನ್ 35.6 ಪಿಎಸ್ ಕೊಟ್ಟಿತು. 2024ರ ಸೆಪ್ಟೆಂಬರ್‌ನ ಹೊಸ ಆರ್‌ಆರ್ 310ರಲ್ಲಿ ದೊಡ್ಡ ಏರ್‌ಬಾಕ್ಸ್ (ಎಂಜಿನ್ನಿಗೆ ಗಾಳಿ ಕೊಡುವ ಡಬ್ಬ), ಹಗುರವಾದ ಫೋರ್ಜ್ಡ್ ಪಿಸ್ಟನ್ ಹಾಕಿ 38 ಪಿಎಸ್, 29 ಎನ್‌ಎಂ ಟಾರ್ಕ್ ತೆಗೆದರು. ಅತ್ತ ಜಿ 310 ಆರ್‌ಆರ್ 34ರಲ್ಲೇ ಉಳಿಯಿತು. ಒಟ್ಟಿಗೆ ಹುಟ್ಟಿದ ಎಂಜಿನ್ನನ್ನು ಬೆಳೆಸಿದ್ದು ಯಾರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2024ರ ಕೊನೆಗೆ ಟಿವಿಎಸ್ ತನ್ನದೇ 299 ಸಿಸಿ ಎಂಜಿನ್ನನ್ನೂ ತೋರಿಸಿತು. ಬೆಂಗಳೂರಿಗೆ ಅಂಟಿಕೊಂಡಂತಿರುವ ಊರಿನಲ್ಲಿ ಇದೆಲ್ಲ ಆಗುತ್ತಿದೆ ಅನ್ನುವುದು ನನಗೆ ಹೆಮ್ಮೆಯ ವಿಷಯ.

ಹೊಸದು ತಗೊಳ್ಳುವುದಾದರೆ 38 ಪಿಎಸ್‌ನ ಆರ್‌ಆರ್ 310 ತಗೊಳ್ಳಿ. ಟೆಸ್ಟ್ ರೈಡ್‌ನಲ್ಲಿ ಬರೀ ಎಳೆದು ನೋಡಿ ವಾಪಸ್ ಬರಬೇಡಿ. ಈ ಎಂಜಿನ್ನಿನ ಜೀವ ಮೇಲಿನ ಆರ್‌ಪಿಎಂನಲ್ಲಿದೆ. ನಾಲ್ಕನೇ ಗೇರಿನಲ್ಲಿ ಮೂರು ಸಾವಿರದಿಂದ ಎಳೆಸಿ ನೋಡಿ, ಅಲ್ಲಿ ಅದು ನಿಧಾನ. ಅದು ಹಿಡಿಸದಿದ್ದರೆ, ಗೇರ್ ಬದಲಿಸುತ್ತಾ ಇರುವುದು ಬೇಸರ ಅನಿಸಿದರೆ, 400 ಸಿಸಿ ಸುತ್ತಮುತ್ತ ಹುಡುಕುವುದು ಒಳ್ಳೆಯದು. ಆಮೇಲೆ ಆರು ಸಾವಿರದ ಸುತ್ತ ಐದು ನಿಮಿಷ ಒಂದೇ ಸಮ ಓಡಿಸಿ, ಫುಟ್‌ರೆಸ್ಟ್, ಹ್ಯಾಂಡಲ್, ಟ್ಯಾಂಕಿಗೆ ಒತ್ತಿದ ಮಂಡಿ, ಮೂರೂ ಕಡೆ ಕಂಪನ ಗಮನಿಸಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ, ಫ್ಯಾನ್ ಓಡುವಾಗ ಸ್ವಲ್ಪ ಹೊತ್ತು ಹಾಗೇ ಕೂತಿರಿ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ 2020ರ ನಂತರದ್ದೇ ಹುಡುಕಿ, ಸರ್ವಿಸ್ ದಾಖಲೆಯಲ್ಲಿ ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೆ ಬಿಡುವ ಸಣ್ಣ ಸಂದು) ನೋಡಿಸಿದ್ದಾರಾ, ಕೂಲೆಂಟ್ ಬದಲಿಸಿದ್ದಾರಾ ಅಂತ ಕೇಳಿ. ಅದಕ್ಕೆ ಸರಿಯಾಗಿ ಉತ್ತರ ಬರದಿದ್ದರೆ ಎಷ್ಟೇ ಹೊಳೆಯುವ ಗಾಡಿಯಾದರೂ ಬಿಟ್ಟು ಮುಂದಿನದು ನೋಡಿ.