120 ಜನ ಅಲ್ಲ, 6 ಲೈನು: ತೋಟದಲ್ಲಿ ಪ್ರಯೋಗ ಮಾಡೋದು ಹೇಗೆ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಎರಡನೇ ವರ್ಷ, ಮನೆ ಸಿದ್ದಾಪುರ ಹತ್ರ. ನಮಗೆ ಗೊತ್ತಿರೋ ಒಂದು ಕಾಫಿ ತೋಟದಲ್ಲಿ 6 ಲೈನ್ (ಕೆಲಸದವರು ಇರೋ ಸಾಲುಮನೆ) ಇದೆ, ಲೈನಿಗೆ ಸುಮಾರು 20 ಜನ, ಒಟ್ಟು 120. ಕುಯ್ಲು ಟೈಮಲ್ಲಿ ದಿನಾ ಸಂಜೆ ತೂಕ ಹಾಕ್ತಾರೆ, ರೈಟ್ರು (ತೋಟದ ಲೆಕ್ಕ ಬರೆಯೋರು) ಬುಕ್ಕಲ್ಲಿ ಬರ್ಕೊಳ್ತಾರೆ, ಕೆಲಸದವರ ಕೈಗೆ ಏನೂ ಕೊಡಲ್ಲ, ಬಟವಾಡೆ ದಿನ ಜಗಳ ಆಗುತ್ತೆ, ಕೆಲವರು ಸೀಸನ್ ಮಧ್ಯೆನೇ ಬಿಟ್ಟು ಹೋಗ್ತಾರೆ. ದಿನಾ ತೂಕದ ಚೀಟಿ ಕೊಟ್ರೆ ಹಾಜರಿ ಜಾಸ್ತಿ ಆಗುತ್ತಾ ಅಂತ ನೋಡ್ಬೇಕು. ಡಿಸೆಂಬರಲ್ಲಿ ಚೀಟಿ ಇಲ್ಲದೆ ಅಳೆದು, ಜನವರಿಯಲ್ಲಿ ಕೊಟ್ಟು ಮತ್ತೆ ಅಳೆದ್ರೆ ಸಾಕಾ? ಇಲ್ಲ ಕಂಟ್ರೋಲ್ ಗ್ರೂಪ್, ಅಂದ್ರೆ ಹೋಲಿಸೋಕೆ ಚೀಟಿ ಕೊಡದ ಗುಂಪು, ಬೇಕಾ? ಗೈಡ್ ಕೇಳಿದ್ರೆ ಯಾವುದಾದ್ರೂ ಒಂದು ಡಿಸೈನ್ ಆರಿಸ್ಕೊ ಅಂತಾರೆ.

ಉತ್ತರ: ಪ್ರಶ್ನೆ ತುಂಬಾ ಚೆನ್ನಾಗಿದೆ, ಮುಖ್ಯವಾಗಿ ಇದು ಆ ಜನರ ದುಡ್ಡಿನ ವಿಷಯ, ಅದಕ್ಕೇ ಉತ್ತರ ತಪ್ಪಾಗಬಾರದು ಅಂತ ಸ್ವಲ್ಪ ಉದ್ದ ಬರೀತಿದ್ದೀನಿ.

ಡಿಸೆಂಬರ್–ಜನವರಿ ಹೋಲಿಕೆ ಬೇಡ. ಡಿಸೆಂಬರಲ್ಲಿ ಅರೇಬಿಕಾ ಜಾತಿ ಕಾಫಿಯ ಕುಯ್ಲು ನಡೀತಿರುತ್ತೆ, ಪುತ್ತರಿ ಬರುತ್ತೆ, ಹಬ್ಬಕ್ಕೆ ಜನ ರಜೆ ಹಾಕ್ತಾರೆ, ಜನವರಿ ಅಂದ್ರೆ ರೋಬಸ್ಟಾ ಶುರು, ಗಿಡ ತುಂಬಾ ಹಣ್ಣು, ಕೆ.ಜಿ. ಲೆಕ್ಕದಲ್ಲಿ ಕೈ ತುಂಬಾ ದುಡ್ಡು, ಹಾಜರಿ ತಾನಾಗೇ ಏರುತ್ತೆ. ನೀವು ಅದನ್ನ ಚೀಟಿ ಲೆಕ್ಕಕ್ಕೆ ಬರ್ಕೊಂಡುಬಿಡ್ತೀರಿ. ಪಕ್ಕದ ತೋಟ ಒಂದನ್ನ ಕಂಟ್ರೋಲ್ ಅಂತ ಇಟ್ಕೊಂಡ್ರೂ ಕಷ್ಟನೇ. ನಾನು ಮೊದಮೊದಲು ಹಾಗೇ ಎರಡು ತೋಟ ಹೋಲಿಸಿದ್ದೆ, ಮಧ್ಯದಲ್ಲಿ ಒಂದು ಕಡೆ ಮೇಸ್ತ್ರಿ ಬದಲಾದ್ರು, ಅಲ್ಲಿಗೆ ಇಡೀ ಸೀಸನ್ ಕೆಲಸದಿಂದ ಏನೂ ಹೇಳೋಕೆ ಆಗ್ಲಿಲ್ಲ, ವ್ಯತ್ಯಾಸ ಮೇಸ್ತ್ರಿದೋ ನಮ್ಮ ಸ್ಕೀಮ್‌ದೋ ಅಂತ ಬಿಡಿಸೋ ದಾರಿನೇ ಇರ್ಲಿಲ್ಲ.

ಹಂಗಾದ್ರೆ 120 ಜನರಲ್ಲಿ ಲಾಟರಿ ಹಾಕಿ 60 ಜನಕ್ಕೆ ಚೀಟಿ ಕೊಡೋಣ ಅನ್ಸುತ್ತೆ. ಪುಸ್ತಕದಲ್ಲಿ ಅದೇ ಬೆಸ್ಟ್. ಆದ್ರೆ ಒಂದೇ ಲೈನ್‌ಮನೇಲಿ ಗಂಡನಿಗೆ ಚೀಟಿ, ಹೆಂಡತಿಗೆ ಇಲ್ಲ ಅಂದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಚೀಟಿ ಇರೋರು ಇಲ್ಲದೋರಿಗೆ ತೋರಿಸ್ತಾರೆ, ಇಲ್ಲದೋರೂ ರೈಟ್ರ ಹತ್ರ ಹೋಗಿ ನಂದೆಷ್ಟು ಅಂತ ಕೇಳ್ತಾರೆ, ಇಲ್ಲಾಂದ್ರೆ ಸಿಟ್ಟು ಮಾಡ್ಕೊಂಡು ಕೆಲಸನೇ ಬಿಡ್ತಾರೆ. ಎರಡೂ ಕಡೆ ಲೆಕ್ಕ ಕೆಡುತ್ತೆ. ಹಾಗಾಗಿ ಕೊಟ್ರೆ ಇಡೀ ಲೈನಿಗೆ ಕೊಡ್ಬೇಕು.

ಎಲ್ಲರೂ ಎಡವೋದು ಇಲ್ಲೇ. ಲೈನಿಗೆ ಕೊಟ್ಟ ಮೇಲೆ ನಿಮ್ಮ ಲೆಕ್ಕ 120 ಅಲ್ಲ, 6. ಒಂದೇ ಲೈನಿನವರು ಒಂದೇ ಜೀಪಲ್ಲಿ ಬರ್ತಾರೆ, ಒಬ್ಬನೇ ಮೇಸ್ತ್ರಿ, ಒಬ್ಬರ ಮನೇಲಿ ಮದ್ವೆ ಅಂದ್ರೆ ಅರ್ಧ ಲೈನ್ ರಜೆ. ಅವರು ಒಬ್ಬರಿಗೊಬ್ಬರು ಎಷ್ಟು ಹೋಲ್ತಾರೆ ಅನ್ನೋದಕ್ಕೆ ಒಂದು ಅಳತೆ ಇದೆ, 0 ಅಂದ್ರೆ ಹೋಲಿಕೆನೇ ಇಲ್ಲ, 1 ಅಂದ್ರೆ ಎಲ್ಲರೂ ಒಂದೇ ಥರ, ಇಲ್ಲಿ ಅದು 0.1 ಅಂತಿಟ್ಕೊಳ್ಳಿ. ಲೈನಿಗೆ 20 ಜನ, ಒಬ್ಬರನ್ನ ಬಿಟ್ರೆ ಉಳಿದವರು 19, ಅಂದ್ರೆ 1 + 19 × 0.1, ಅಂದ್ರೆ 2.9. ನಿಮ್ಮ 120ನ ಅದ್ರಿಂದ ಭಾಗಿಸಿದ್ರೆ 41. ಅಷ್ಟೇ ಜನರ ಮಾಹಿತಿ ನಿಮ್ಮ ಹತ್ರ ಇರೋದು. ಈಗ ಅದೇ 6 ಲೈನಿಗೆ ಜನ ಡಬಲ್ ಮಾಡಿ 240 ಮಾಡಿದ್ರೂ ಸಿಗೋದು 49 ಜನರಷ್ಟೇ, ಅದೇ 240 ಜನ 12 ಲೈನಲ್ಲಿ ಇದ್ರೆ 83. ಆದ್ದರಿಂದ ಜನ ಸೇರಿಸ್ಬೇಡಿ, ಲೈನ್ ಸೇರಿಸಿ. ಅಕ್ಕಪಕ್ಕದ ತೋಟದವರನ್ನ ಕೇಳಿ ನೋಡಿ, ಒಪ್ಪಿದ್ರೆ ಬಹಳ ಒಳ್ಳೇದು.

ಒಪ್ಪದೇ ಇದ್ರೆ? 6ರಲ್ಲಿ 3 ಲೈನ್ ಆರಿಸೋಕೆ ಇರೋದೇ 20 ರೀತಿ, ಸುಮ್ನೆ ಅದೃಷ್ಟಕ್ಕೆ ಚೆನ್ನಾಗಿರೋ 3 ಲೈನ್ ಬಂದ್ಬಿಡೋದು ಏನೂ ಅಪರೂಪ ಅಲ್ಲ. ಅದಕ್ಕೆ ನಾನು ಹೇಳೋದು ಮೆಟ್ಟಿಲು ಮೆಟ್ಟಿಲಾಗಿ ಕೊಡಿ ಅಂತ. ಮೊದಲ ವಾರ ಯಾರಿಗೂ ಇಲ್ಲ, ಎರಡನೇ ವಾರದಿಂದ ವಾರಕ್ಕೊಂದು ಲೈನಿಗೆ ಶುರು, ಏಳನೇ ವಾರಕ್ಕೆ ಎಲ್ಲರಿಗೂ ಸಿಕ್ಕಿರುತ್ತೆ, ಯಾವ ಲೈನು ಯಾವಾಗ ಅನ್ನೋದು ಮಾತ್ರ ಲಾಟರಿ. 6 ಲೈನನ್ನ ಸಾಲಾಗಿ ನಿಲ್ಲಿಸೋಕೆ 720 ರೀತಿ ಇದೆ, 20ಕ್ಕೂ 720ಕ್ಕೂ ಎಷ್ಟು ವ್ಯತ್ಯಾಸ ನೋಡಿ, ಸುಮ್ನೆ ಅದೃಷ್ಟದಿಂದ ಹಾಗೆ ಬಂತು ಅನ್ನೋದು ಅಷ್ಟು ಕಮ್ಮಿ. ಇಡೀ 7 ವಾರ ರೋಬಸ್ಟಾ ಕುಯ್ಲಿನ ಒಳಗೇ ಇರ್ಲಿ, ಹೋಲಿಸುವಾಗ ಅದೇ ವಾರದಲ್ಲಿ ಚೀಟಿ ಸಿಕ್ಕ ಲೈನು, ಸಿಗದ ಲೈನು ಅಂತ ಹೋಲಿಸಿ, ಆಗ ಮಳೆ, ಸಂತೆ, ಹಬ್ಬ ಎಲ್ಲಾ ಎರಡೂ ಕಡೆಗೂ ಒಂದೇ. ಯಾರಿಗೂ ಕೊಡಲ್ಲ ಅಂತ ಹೇಳಿದ ಹಾಗೂ ಆಗಲ್ಲ. ಆಫ್ರಿಕಾದ ಗ್ಯಾಂಬಿಯಾದಲ್ಲಿ 1986ರಿಂದ ಹೆಪಟೈಟಿಸ್ ಬಿ ಲಸಿಕೆನ ಹೀಗೇ ಒಂದೊಂದೇ ಪ್ರದೇಶಕ್ಕೆ, ಸುಮಾರು ನಾಲ್ಕು ವರ್ಷದಲ್ಲಿ ಇಡೀ ದೇಶಕ್ಕೆ ಕೊಟ್ರು, ಒಂದೇ ಸಲ ಎಲ್ಲಾ ಕಡೆ ಕೊಡೋಕೆ ಆಗದೇ ಇದ್ದಿದ್ದನ್ನೇ ಪ್ರಯೋಗ ಮಾಡ್ಕೊಂಡ್ರು.

ಏನನ್ನ ಅಳೀತೀರಿ ಅನ್ನೋದು ಇನ್ನೊಂದು. ದಯವಿಟ್ಟು ಕೆ.ಜಿ. ಅಳೀಬೇಡಿ. ಚೀಟಿ ಕೊಡ್ಬೇಕು ಅಂದ ತಕ್ಷಣ ರೈಟ್ರು ತೂಕ ಸರಿಯಾಗಿ ಹಾಕೋಕೆ ಶುರು ಮಾಡ್ತಾರೆ, ಕುಯ್ದಿದ್ದು ಅಷ್ಟೇ ಇದ್ರೂ ಬುಕ್ಕಲ್ಲಿ ಜಾಸ್ತಿ ಕಾಣುತ್ತೆ. ತೋಟದ ಹಾಜರಿ ಪುಸ್ತಕ, ಅಂದ್ರೆ ಚೆಕ್‌ರೋಲಲ್ಲಿರೋ ಹಾಜರಿ ತಗೊಳ್ಳಿ. ಮೊದಲ ವಾರದ 120 ಹೆಸರೇ ಕೊನೇ ತನಕ ಇರ್ಬೇಕು. ಬಿಟ್ಟು ಹೋದವರನ್ನ ಲಿಸ್ಟಿಂದ ತೆಗೆದ್ರೆ ಉಳಿದವರ ಸರಾಸರಿ ಹಾಜರಿ ಚೆನ್ನಾಗೇ ಕಾಣುತ್ತೆ, ಅದಕ್ಕೆ ಹೋದವರಿಗೆ ಉಳಿದ ವಾರಗಳಿಗೂ ಗೈರುಹಾಜರಿ ಹಾಕಿ. ಲೈನ್ ಬದಲಾಯಿಸಿದವರು ಮೊದಲ ಲೈನಿನ ಲೆಕ್ಕಕ್ಕೇ.

ನೀವು ಹೋಗಿ ಮಾತಾಡಿಸೋದೇ ಒಂದು ಬದಲಾವಣೆ ಅನ್ನೋದೂ ನೆನಪಿರ್ಲಿ. 1924ರಿಂದ 1932ರ ತನಕ ಶಿಕಾಗೋ ಪಕ್ಕದ ಹಾಥಾರ್ನ್ ಫ್ಯಾಕ್ಟರಿಯಲ್ಲಿ ಬೆಳಕು, ಬಿಡುವು ಬದಲಾಯಿಸಿ ನೋಡಿದ್ರಲ್ಲ, ಆ ಪ್ರಯೋಗದಿಂದಲೇ ಈ ಮಾತು ಬಂದಿದ್ದು. ಅದರ ಡೇಟಾ ಆಮೇಲೆ ಮತ್ತೆ ನೋಡಿದವರು ವಿಷಯ ಅಷ್ಟು ಸರಳ ಅಲ್ಲ ಅಂದಿದ್ದಾರೆ, ಆದ್ರೂ ಎಚ್ಚರಿಕೆ ಒಳ್ಳೇದು. ಚೀಟಿ ಇನ್ನೂ ಸಿಗದ ಲೈನಿಗೂ ಅಷ್ಟೇ ಸಲ ಹೋಗಿ, ಅಷ್ಟೇ ಹೊತ್ತು ಕೂತು ಮಾತಾಡಿ.

ಒಪ್ಪಿಗೆ ಮಾತ್ರ ಮಾಲೀಕರ ಬಾಯಿಂದ ಕೇಳ್ಬೇಡಿ. ಮಾಲೀಕರು ನಿಂತಿರುವಾಗ ಯಾರೂ ಬೇಡ ಅನ್ನಲ್ಲ. ಯರವರು (ಕೊಡಗಿನ ಒಂದು ಆದಿವಾಸಿ ಸಮುದಾಯ), ಮಲಯಾಳಂ ಮಾತಾಡೋರು, ಅಸ್ಸಾಮಿಂದ ಬಂದೋರು ಎಲ್ಲಾ ಒಂದೇ ತೋಟದಲ್ಲಿ ಇರ್ತಾರೆ, ಅವರವರ ಭಾಷೆಯಲ್ಲಿ ಹೇಳೋರನ್ನ ಕರ್ಕೊಂಡು ಹೋಗಿ, ಬೇಡ ಅಂದ್ರೆ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ ಅಂತ ಬಿಡಿಸಿ ಹೇಳಿ. ಹೆಚ್ಚಿನವರಿಗೆ ಓದೋಕೆ ಬರ್ದಿದ್ರೆ ಚೀಟಿಲಿ ಅಂಕಿ ಮಾತ್ರ ದೊಡ್ಡದಾಗಿ ಬರೆಸಿ.

ಇಷ್ಟೆಲ್ಲಾ ಮಾಡಿದ್ರೂ 6 ಲೈನಲ್ಲಿ ದೊಡ್ಡ ಬದಲಾವಣೆ ಮಾತ್ರ ಕಾಣುತ್ತೆ. ವ್ಯತ್ಯಾಸ ಕಾಣದೇ ಇದ್ರೆ ಚೀಟಿಯಿಂದ ಉಪಯೋಗ ಇಲ್ಲ ಅಂತ ಬರೀಬೇಡಿ, ಇಷ್ಟು ಲೈನಲ್ಲಿ ಹೇಳೋಕೆ ಆಗ್ಲಿಲ್ಲ ಅಂತ ಬರೀರಿ. ನಿಮ್ಮ ಒಂದು ತಪ್ಪು ಸಾಲು ಹಿಡ್ಕೊಂಡು ಯಾರೋ ಚೀಟಿ ನಿಲ್ಲಿಸಿಬಿಟ್ರೆ ನಷ್ಟ ಆಗೋದು ಆ ಜನಕ್ಕೆ.

ಲಾಟರಿನ ಬಟವಾಡೆ ದಿನ ಎಲ್ಲರ ಎದುರಿಗೇ ಎತ್ತಿಸಿ, ಲೈನಿನ ಮಗು ಯಾವುದಾದ್ರೂ ಎತ್ತಲಿ. ಬಂದ ಪಟ್ಟಿನ ಅಲ್ಲೇ ಗೋಡೆಗೆ ಅಂಟಿಸಿ, ಫೋಟೋ ತೆಗೆದು ಅವತ್ತೇ ಗೈಡ್‌ಗೆ ಕಳ್ಸಿಬಿಡಿ, ಆಮೇಲೆ ನಮ್ಮ ಲೈನ್ ಮೊದಲು ಅಂತ ಯಾರು ಬಂದು ಕೇಳಿದ್ರೂ ಬದಲಾಯಿಸೋ ಹಾಗಿಲ್ಲ.