45 ಪಂದ್ಯ ಆಡಿದವರಿಗೆ ಇಷ್ಟು ಮರ್ಯಾದೆ ಏಕೆ?

ವಿರಾಜಪೇಟೆಯಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ:

"ಕಳೆದ ಸಂಚಿಕೆಯ ಆಟದ ಪುಟದಲ್ಲಿ ವಿಲ್ಲಿ ಓರೀ ಅನ್ನುವ ಕೆನಡಾದ ಐಸ್ ಹಾಕಿ ಆಟಗಾರನ ಬಗ್ಗೆ ನಾಲ್ಕು ಸಾಲು ಹಾಕಿದ್ದಿರಿ. ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಬರೀ 45 ಪಂದ್ಯ, 4 ಗೋಲು. ಆದರೂ ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಅಂತ. ಇದು ಅಚ್ಚಿನ ತಪ್ಪೋ, ನಿಜವೋ? ನಮ್ಮದು ಹಾಕಿ ಆಡುವ ಮನೆ. ಕೌಟುಂಬಿಕ ಹಾಕಿ ಹಬ್ಬದಲ್ಲಿ ನಾನೂ ಸ್ಟಿಕ್ ಹಿಡಿದವಳು. ಮೊಮ್ಮಗ ಕ್ಯಾಲ್ಗರಿಯಲ್ಲಿದ್ದಾನೆ, 12 ವರ್ಷ. ದೊಡ್ಡವನಾದ ಮೇಲೆ ಐಸ್ ಹಾಕಿನೇ ಆಡ್ತೀನಿ ಅಂತ ಹಟ. ಮಗ, ಸೊಸೆ ಅದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ಅದೊಂದು ಉದ್ಯೋಗವಾ? ಮೇಲಕ್ಕೆ ಹೋಗದಿದ್ದರೆ ಗತಿಯೇನು? 16ಕ್ಕೇ ಮನೆ ಬಿಡಬೇಕಂತೆ, ಹೌದಾ?"

ಅಮ್ಮಾ, ಅಚ್ಚಿನ ತಪ್ಪಲ್ಲ. 45 ಪಂದ್ಯ, 4 ಗೋಲು, ಎರಡೂ ಸರಿ. ಆದರೆ ನಾವು ಹಾಕಿದ ನಾಲ್ಕು ಸಾಲಿನಲ್ಲಿ ಮುಖ್ಯವಾದ ಇನ್ನೊಂದು ಲೆಕ್ಕಕ್ಕೆ ಜಾಗ ಇರಲಿಲ್ಲ. ಓರೀ ಹಾಕಿ ಆಡಿ ಸಂಬಳ ತೆಗೆದುಕೊಂಡದ್ದು 21 ವರ್ಷ. ಆ 45 ಪಂದ್ಯಗಳು ಅದರಲ್ಲಿ ಒಂದು ಚೂರು ಅಷ್ಟೇ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಹಾಗಾಗಿ ಅವರ ಕಥೆಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓರೀ ಹುಟ್ಟಿದ್ದು 1935ರಲ್ಲಿ, ಕೆನಡಾದ ಪೂರ್ವದ ಫ್ರೆಡರಿಕ್ಟನ್ ಊರಿನಲ್ಲಿ. 13 ಮಕ್ಕಳಲ್ಲಿ ಕೊನೆಯವರು. ಮೂರು ವರ್ಷಕ್ಕೇ ಸ್ಕೇಟ್ ಕಟ್ಟಿಕೊಂಡವರು. 1958ರ ಜನವರಿ 18ರಂದು ಬಾಸ್ಟನ್ ಬ್ರೂಯಿನ್ಸ್ ತಂಡದ ಪರವಾಗಿ ಮಾಂಟ್ರಿಯಲ್‌ನಲ್ಲಿ ಕಣಕ್ಕಿಳಿದರು. ಎನ್‌ಎಚ್‌ಎಲ್‌ನಲ್ಲಿ ಆಡಿದ ಕಪ್ಪು ಜನಾಂಗದ ಮೊದಲ ಆಟಗಾರ ಅವರೇ. ಆ ವರ್ಷ ಸಿಕ್ಕಿದ್ದು ಎರಡೇ ಪಂದ್ಯ. ಮತ್ತೆ ಕರೆ ಬಂದದ್ದು 1960-61ರಲ್ಲಿ, ಆಗ 43 ಪಂದ್ಯ. ಆಮೇಲೆ ಆ ಬಾಗಿಲು ಮುಚ್ಚಿತು. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದೇ ಆರು ತಂಡ, ಈಗಿನ ಹಾಗೆ 32 ಅಲ್ಲ. ಇಡೀ ಖಂಡದ ಆಟಗಾರರೆಲ್ಲ ಆ ಆರು ತಂಡಗಳ ಬಾಗಿಲಲ್ಲೇ ಕಾದು ನಿಂತಿದ್ದರು. ಇದರ ಜೊತೆಗೆ ಗ್ಯಾಲರಿಯಿಂದ ಬಣ್ಣದ ಮೇಲಿನ ಬೈಗುಳ. ಎದುರಾಳಿಯ ಸ್ಟಿಕ್ಕಿನ ಹಿಡಿ ಬಾಯಿಗೆ ಬಡಿದು ಹಲ್ಲು ಉದುರಿದ್ದೂ ಉಂಟು.

ಇಷ್ಟಾದರೆ ಇದು ಬರೀ ಮೊದಲಿಗರ ಕಥೆ. ನನಗೆ ಹೆಚ್ಚು ಕುತೂಹಲ ಇರುವುದು ಅವರ ಕಣ್ಣಿನ ವಿಷಯದಲ್ಲಿ.

ಜೂನಿಯರ್ ಹಾಕಿ ಆಡುವಾಗ, 1955-56ರ ಹಂಗಾಮಿನಲ್ಲಿ, ಪಕ್ (ಚೆಂಡಿನ ಬದಲಿಗೆ ಬಳಸುವ ಗಟ್ಟಿ ರಬ್ಬರ್ ಬಿಲ್ಲೆ) ಬಂದು ಮುಖಕ್ಕೆ ಅಪ್ಪಳಿಸಿತು. ಮೂಗು, ಕೆನ್ನೆಯ ಮೂಳೆ ಮುರಿಯಿತು. ಬಲಗಣ್ಣಿನ ದೃಷ್ಟಿ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಇನ್ನು ಆಟ ಸಾಧ್ಯವಿಲ್ಲ ಅಂದರು ಡಾಕ್ಟರು. ಎರಡು ತಿಂಗಳೊಳಗೆ ಓರೀ ಮತ್ತೆ ಐಸ್ ಮೇಲಿದ್ದರು. ಒಕ್ಕಣ್ಣಿನವರು ಎನ್‌ಎಚ್‌ಎಲ್‌ನಲ್ಲಿ ಆಡುವಂತಿಲ್ಲ ಅಂತ ನಿಯಮವೇ ಇತ್ತು. ಅದಕ್ಕೇ ಅಪ್ಪ ಅಮ್ಮನಿಗೂ ಹೇಳಲಿಲ್ಲ. ಮನೆಯಲ್ಲಿ ಅಕ್ಕನೊಬ್ಬಳಿಗೆ ಮಾತ್ರ ಗುಟ್ಟು ಗೊತ್ತಿತ್ತು.

ನೀವು ಸ್ಟಿಕ್ ಹಿಡಿದವರು, ಮುಂದಿನದು ನಿಮಗೆ ಬೇಗ ಅರ್ಥವಾಗುತ್ತದೆ. ನಮ್ಮ ಹಾಕಿಯಲ್ಲಿ ಎಡಗೈ ಸ್ಟಿಕ್ ಅಂತ ಇಲ್ಲ. ಎಲ್ಲರದೂ ಒಂದೇ ಕಡೆ ಚಪ್ಪಟೆ. ಐಸ್ ಹಾಕಿಯಲ್ಲಿ ಎಡ ಬಲ ಎರಡೂ ಬಗೆಯ ಸ್ಟಿಕ್ ಇವೆ, ಬ್ಲೇಡಿನ ಎರಡೂ ಮೈ ಬಳಸಬಹುದು. ಓರೀ ಎಡಗಡೆಯಿಂದ ಹೊಡೆಯುವವರು, ಆಡುತ್ತಿದ್ದದ್ದು ಲೆಫ್ಟ್ ವಿಂಗ್‌ನಲ್ಲಿ. ಎಡಗಡೆಯ ಕಟ್ಟೆಗೆ ಅಂಟಿಕೊಂಡು ಮುನ್ನುಗ್ಗುವಾಗ ಉಳಿದ ಆಟವೆಲ್ಲ ಬಲಕ್ಕೆ ಇರುತ್ತದೆ, ಅಲ್ವಾ? ಪಾಸ್ ಬರುವುದು ಬಲದಿಂದ. ಡಿಕ್ಕಿ ಹೊಡೆಯುವವನು ಬರುವುದೂ ಬಲದಿಂದ. ಕಾಣದ ಕಣ್ಣೂ ಬಲಗಣ್ಣೇ. ಪ್ರತಿ ಪಾಸಿಗೂ ಕತ್ತನ್ನು ಪೂರ್ತಿ ತಿರುಗಿಸಿ ಎಡಗಣ್ಣಿನಿಂದ ನೋಡಬೇಕು. ಅದೂ ಅಷ್ಟು ವೇಗದಲ್ಲಿ. ಎನ್‌ಎಚ್‌ಎಲ್‌ನ ಆ 45 ಪಂದ್ಯಗಳನ್ನು ಅವರು ಆಡಿದ್ದು ಹೀಗೆ. ತಲೆಗೆ ಹೆಲ್ಮೆಟ್ ಕೂಡ ಇರಲಿಲ್ಲ.

ಆಮೇಲೆ ಲಾಸ್ ಏಂಜಲೀಸ್ ಬ್ಲೇಡ್ಸ್ ಅನ್ನುವ ತಂಡಕ್ಕೆ ಹೋದರು. ಅದು ಆಗಿನ ವೆಸ್ಟರ್ನ್ ಹಾಕಿ ಲೀಗ್, ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಅಲ್ಲಿನ ಕೋಚ್ ಆಲ್ಫ್ ಪೈಕ್ ಇವರನ್ನು ರೈಟ್ ವಿಂಗ್‌ಗೆ ಹಾಕಿದರು. ಅಷ್ಟೇ! ಈಗ ಇಡೀ ಆಟ ಎಡಗಡೆಗೆ ಬಂತು, ಕಾಣುವ ಕಣ್ಣಿನ ಕಡೆಗೆ. ಪಾಸ್‌ಗಳನ್ನು ಸ್ಟಿಕ್ಕಿನ ಹಿಂಬದಿಯಲ್ಲಿ ತೆಗೆದುಕೊಳ್ಳುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು, ಅದೇನು ಕಡಿಮೆ ಕಷ್ಟವಲ್ಲ. 1964-65ರಲ್ಲಿ 38 ಗೋಲು ಹೊಡೆದರು. ಮುಂದೆ ಸ್ಯಾನ್ ಡಿಯಾಗೊ ತಂಡಕ್ಕೆ ಹೋಗಿ 1968-69ರಲ್ಲಿ ಮತ್ತೆ 38. ಆಟ ನಿಲ್ಲಿಸಿದ್ದು 1979ರಲ್ಲಿ, 43ರ ವಯಸ್ಸಿಗೆ.

ಕಣ್ಣಿನ ವಿಷಯ ಮುಚ್ಚಿಟ್ಟಿದ್ದನ್ನು ಸಾಹಸ ಅಂತ ಹೊಗಳುವವರು ತುಂಬಾ ಜನ. ನನಗೆ ಅದು ಒಪ್ಪಿಗೆಯಿಲ್ಲ. ಇನ್ನೊಂದು ಕಣ್ಣಿಗೂ ಪೆಟ್ಟು ಬಿದ್ದಿದ್ದರೆ? ನಾನು ಮೆಚ್ಚುವುದು ಜಾಗ ಬದಲಿಸಿ ಹೊಸದಾಗಿ ಆಟ ಕಲಿತದ್ದನ್ನು. ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಹಾಲ್ ಆಫ್ ಫೇಮ್‌ಗೆ ಅವರನ್ನು 2018ರಲ್ಲಿ ಸೇರಿಸಿದ್ದು ಆಟಗಾರರ ಸಾಲಿನಲ್ಲಿ ಅಲ್ಲ, ಆಟವನ್ನು ಬೆಳೆಸಿದವರ ಸಾಲಿನಲ್ಲಿ. ಆಟ ಬಿಟ್ಟ ಮೇಲೆ ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದವರನ್ನು 1990ರ ದಶಕದ ಕೊನೆಗೆ ಎನ್‌ಎಚ್‌ಎಲ್ ಕರೆಸಿಕೊಂಡಿತು. ಹಾಕಿಯ ಗಂಧವೇ ಇಲ್ಲದ ಮನೆಗಳ ಮಕ್ಕಳಿಗೆ ಆಟ ಹತ್ತಿಸುವ ಕೆಲಸ. ಅಲ್ಲಿಂದ ಊರೂರು ತಿರುಗಿದರು. 2022ರ ಜನವರಿ 18ರಂದು, ಮೊದಲ ಪಂದ್ಯಕ್ಕೆ ಸರಿಯಾಗಿ 64 ವರ್ಷವಾದಾಗ, ಬಾಸ್ಟನ್ ತಂಡ ಅವರ 22ನೇ ನಂಬರಿನ ಜರ್ಸಿಯನ್ನು ಇನ್ಯಾರೂ ತೊಡದಂತೆ ಎತ್ತಿಟ್ಟಿತು.

ಇನ್ನು ಭಾರತೀಯ ಮೂಲದ ಹುಡುಗರು. ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನ ರಾಬಿನ್ ಬಾವಾ, ಪಂಜಾಬಿ ಮನೆಯವರು, 1989ರಲ್ಲಿ ವಾಷಿಂಗ್ಟನ್ ಪರ ಆಡಿ ಎನ್‌ಎಚ್‌ಎಲ್ ತಲುಪಿದ ಮೊದಲ ಭಾರತೀಯ ಮೂಲದ ಆಟಗಾರ ಅನ್ನಿಸಿಕೊಂಡರು. ಅವರ ಲೆಕ್ಕವೂ ಓರೀ ಲೆಕ್ಕದ ಹಾಗೇ. ನಾಲ್ಕು ತಂಡ ಸೇರಿ 61 ಪಂದ್ಯ, ಉಳಿದದ್ದೆಲ್ಲ ಕೆಳಗಿನ ಲೀಗುಗಳಲ್ಲಿ. ಅಂದಹಾಗೆ ಕೆನಡಾದ ಟಿವಿಯಲ್ಲಿ ಐಸ್ ಹಾಕಿಗೆ ಪಂಜಾಬಿ ಕಾಮೆಂಟರಿ ಬರುತ್ತದೆ, ಮೊಮ್ಮಗನನ್ನು ಕೇಳಿ ನೋಡಿ.

ಉದ್ಯೋಗವಾ ಅಂದಿರಿ. ಉದ್ಯೋಗವೇ, ಆದರೆ ನೆಚ್ಚಿಕೊಂಡು ಕೂರುವಂಥದ್ದಲ್ಲ. ಎನ್‌ಎಚ್‌ಎಲ್ ತಂಡದವರು ಹೊಸ ಆಟಗಾರರನ್ನು 18ರ ವಯಸ್ಸಿನಿಂದ, ಸರದಿಯಂತೆ, ಡ್ರಾಫ್ಟ್‌ನಲ್ಲಿ ಆರಿಸುತ್ತಾರೆ. ಏಳು ಸುತ್ತು, 32 ತಂಡ, ಅಂದರೆ ವರ್ಷಕ್ಕೆ ಇಡೀ ಪ್ರಪಂಚದಿಂದ ಹೆಚ್ಚುಕಮ್ಮಿ 224 ಹುಡುಗರು. ಆರಿಸಿದ ಮಾತ್ರಕ್ಕೆ ಆಡಿಸುತ್ತಾರೆ ಅಂತಿಲ್ಲ. ಹೆಚ್ಚಿನವರು ಮೊದಲು ಒಂದು ಮೆಟ್ಟಿಲು ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ, ಇನ್ನೂ ಕೆಳಗೆ ಇಸಿಎಚ್‌ಎಲ್‌ಗೆ ಹೋಗುತ್ತಾರೆ. 2025-26ರಲ್ಲಿ ಎನ್‌ಎಚ್‌ಎಲ್ ಆಟಗಾರನ ಕನಿಷ್ಠ ಸಂಬಳ 7,75,000 ಡಾಲರ್. ಕೇಳಿದರೆ ತಲೆ ತಿರುಗುತ್ತದೆ. ಆದರೆ ಹೊಸಬರ ಕರಾರಿನಲ್ಲಿ ಸಾಮಾನ್ಯವಾಗಿ ಎರಡು ಸಂಬಳ ಬರೆದಿರುತ್ತಾರೆ. ಮೇಲಿದ್ದ ದಿನಕ್ಕೆ ಒಂದು, ಕೆಳಗಿದ್ದ ದಿನಕ್ಕೆ ಅದರಲ್ಲೊಂದು ಸಣ್ಣ ಪಾಲು. ಬೆಳಿಗ್ಗೆ ಫೋನ್ ಬಂದರೆ ಸಂಜೆಗೆ ಬೇರೆ ಊರು. ಓರೀ ಮನೆ ನಡೆದದ್ದು ಕೆಳಗಿನ ಲೀಗುಗಳ ಸಂಬಳದಲ್ಲೇ. ಈಗಲೂ ಹಾಗೆ ಆಡಿಕೊಂಡು, ಯುರೋಪಿನ ಲೀಗುಗಳಿಗೆ ಹೋಗಿ ಬದುಕು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಪೇಪರಿನಲ್ಲಿ ಅವರ ಹೆಸರು ಬರುವುದಿಲ್ಲ, ಅಷ್ಟೇ.

16ಕ್ಕೆ ಮನೆ ಬಿಡುವ ಮಾತು ನಿಜ. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗುಗಳಿಗೆ ಆಯ್ಕೆಯಾದ ಹುಡುಗರು ತಂಡದ ಊರಿಗೆ ಹೋಗಿ, ಅಲ್ಲಿನ ಒಂದು ಕುಟುಂಬದ ಜೊತೆ ಇದ್ದು, ಅಲ್ಲೇ ಸ್ಕೂಲಿಗೆ ಹೋಗುತ್ತಾರೆ. ಹೆದರಬೇಡಿ, ಓದು ಅಲ್ಲಿಗೇ ನಿಲ್ಲುವುದಿಲ್ಲ. ಆಡಿದ ಒಂದೊಂದು ವರ್ಷಕ್ಕೂ ಮುಂದಿನ ಕಾಲೇಜು ಓದಿಗೆ ನೆರವು ಕೊಡುವ ಏರ್ಪಾಡು ಆ ಲೀಗುಗಳಲ್ಲಿದೆ. ಮೊದಲು ಆ ಲೀಗುಗಳಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ತಂಡಗಳ ಬಾಗಿಲು ಮುಚ್ಚಿಹೋಗುತ್ತಿತ್ತು. 2025ರ ಆಗಸ್ಟ್‌ನಿಂದ ಅದೂ ತೆರೆದಿದೆ. ನನ್ನ ಕೇಳಿದರೆ ಇದು ಡ್ರಾಫ್ಟ್‌ಗಿಂತ ದೊಡ್ಡ ಸುದ್ದಿ. 22ಕ್ಕೆ ಆಟ ನಿಂತರೂ ಕೈಯಲ್ಲಿ ಡಿಗ್ರಿ ಇರುತ್ತದೆ.

ಅದಕ್ಕೆಲ್ಲ ಇನ್ನೂ ನಾಲ್ಕು ವರ್ಷ ಇದೆ. ಸದ್ಯಕ್ಕೆ ಮಗನ ಹತ್ತಿರ ಬೇರೆ ಒಂದು ವಿಷಯ ಮಾತಾಡಿ. ಕೆನಡಾದಲ್ಲಿ 2013ರಿಂದ 11-12 ವರ್ಷದ ಮಕ್ಕಳ ಆಟದಲ್ಲಿ ಮೈಗೆ ಮೈ ಬಡಿದು ತಡೆಯುವ ಬಾಡಿ ಚೆಕಿಂಗ್ ಇಲ್ಲ. ಹುಡುಗರು ಮುಖಕ್ಕೆ ಪೂರ್ತಿ ಜಾಲರಿ ಹಾಕಲೇಬೇಕು, ಹಾಗಾಗಿ ಪಕ್ ಬಂದು ಕಣ್ಣಿಗೆ ಬಡಿಯುವ ಭಯ ಬಹಳ ಕಡಿಮೆ. ಆದರೆ ಮುಂದಿನ ವಯಸ್ಸಿನ ಗುಂಪಿಗೆ ಹೋದರೆ ಬಾಡಿ ಚೆಕಿಂಗ್ ಶುರು. ಅನೇಕ ಊರುಗಳಲ್ಲಿ ಅದಿಲ್ಲದ ವಿಭಾಗವೂ ಇದೆ. ಯಾವುದಕ್ಕೆ ಸೇರಿಸುತ್ತೀರಿ, ತಲೆಗೆ ಪೆಟ್ಟಾದರೆ ಎಷ್ಟು ದಿನ ಕೂರಿಸುತ್ತಾರೆ ಅಂತ ಈ ಹಂಗಾಮು ಮುಗಿಯುವ ಮೊದಲೇ ಕೇಳಿ.

— ಸಂಪಾದಕ