ನಿಮ್ಮ ‘ಕಿತೆ’ಗೆ ಒತ್ತು ಎಲ್ಲಿ?

ಆತ್ಮೀಯರೆ,

ಜಪಾನಿ ಕ್ರಿಯಾಪದಗಳ ಜೊತೆ ನೀವು ಪಟ್ಟ ಪಾಡಿನ ಲೇಖನ ತಲುಪಿತು. ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ. ಬಸ್ಸಿನಲ್ಲಿ ನೀವು ರೂಪಗಳನ್ನು ಗುನುಗುತ್ತಿದ್ದಾಗ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದ ಪ್ರಸಂಗಕ್ಕೆ ನಕ್ಕೆ. ಹೊಗಳಿಕೆ ಇಷ್ಟು ಸಾಕು. ನನ್ನ ಮಧ್ಯಾಹ್ನದ ನಿದ್ದೆ ಕೆಡಿಸಿದ ಎರಡನೇ ಪುಟಕ್ಕೆ ಬರುತ್ತೇನೆ.

‘ತೆ-ರೂಪ ಎಂದರೆ ಇಂಗ್ಲಿಷಿನ ಐಎನ್‌ಜಿ ಇದ್ದ ಹಾಗೆ’ ಎಂದು ಬರೆದಿದ್ದೀರಿ. ಕನ್ನಡದವರಿಗೆ ಜಪಾನಿ ಹೇಳಿಕೊಡಲು ಇಂಗ್ಲಿಷನ್ನು ಯಾಕೆ ಕರೆತಂದಿರಿ? ತಬೆರು ಅಂದರೆ ತಿನ್ನು, ಅದರ ತೆ-ರೂಪ ತಬೆತೆ ಅಂದರೆ ತಿಂದು. ‘ತಬೆತೆ ಮಿರು’ ಅಂದರೆ ತಿಂದು ನೋಡು. ಮಿರು ಅಂದರೂ ನೋಡುವುದೇ. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ‘ಒಶಿಎತೆ ಕುದಸೈ’ ಅಂದರೆ ಹೇಳಿಕೊಡಿ, ಆ ಕುದಸೈನ ಬುಡದಲ್ಲೂ ಕೊಡುವ ಕ್ರಿಯೆಯೇ ಇದೆ. ಹೈಸ್ಕೂಲಿನಲ್ಲಿ ಕೃದಂತಾವ್ಯಯ ಅಂತ ಬಾಯಿಪಾಠ ಮಾಡಿ ಮರೆತೆವಲ್ಲ, ಅದೇ ಇದು. ಇಂಗ್ಲಿಷ್ ಮನೆಮಾತಿನವರು ಒದ್ದಾಡುವ ಜಾಗದಲ್ಲಿ ನಿಮಗೆ ಬಾಗಿಲು ತೆರೆದೇ ಇತ್ತು. ನೀವು ಹೋಗಿ ಕಿಟಕಿ ಹತ್ತಿದ್ದೀರಿ.

ಹತ್ತಿದ್ದಕ್ಕೆ ಮುಂದಿನ ಸಾಲಲ್ಲೇ ಬಿದ್ದಿದ್ದೀರಿ. ‘ಸೆನ್ಸೇ ಗ ಕಿತೆ ಇಮಸ್: ಮೇಷ್ಟ್ರು ಬರುತ್ತಿದ್ದಾರೆ.’ ಇಲ್ಲ. ಮೇಷ್ಟ್ರು ಬಂದಿದ್ದಾರೆ, ಬಂದು, ಇದ್ದಾರೆ. ಅದರ ಕೆಳಗಿನದು ಇನ್ನೂ ಅಪಾಯ: ‘ಕೆಕ್ಕೊನ್ ಶಿತೆ ಇಮಸ್’ ಅನ್ನುವುದಕ್ಕೆ ‘ಮದುವೆಯಾಗುತ್ತಿದ್ದೇನೆ’ ಎಂದು ಅರ್ಥ ಕೊಟ್ಟಿದ್ದೀರಿ. ಇಬ್ಬರು ಮಕ್ಕಳ ತಂದೆಯೂ ಜಪಾನಿನಲ್ಲಿ ಹೇಳುವುದು ಈ ಮಾತನ್ನೇ, ನನಗೆ ಮದುವೆಯಾಗಿದೆ ಅಂತ. ಹಾಗಂತ ಕನ್ನಡವೂ ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ತಬೆತೆ ಇಮಸ್’ ಅನ್ನು ಕೇಳಿದ ಕೂಡಲೇ ನಾವು ‘ತಿಂದಿದ್ದಾರೆ’ ಅಂದುಕೊಳ್ಳುತ್ತೇವೆ, ಆದರೆ ಸಾಮಾನ್ಯವಾಗಿ ಅದು ‘ತಿನ್ನುತ್ತಿದ್ದಾರೆ’. ತಿನ್ನುವುದು ಹೊತ್ತು ಹಿಡಿಯುವ ಕೆಲಸ. ಬರುವುದು, ಮದುವೆಯಾಗುವುದು ಹಾಗಲ್ಲ, ಒಮ್ಮೆ ಆದರೆ ಆಯಿತು, ಆಮೇಲೆ ಉಳಿಯುವುದು ಆ ಸ್ಥಿತಿ. ಕನ್ನಡಿಗ ಎಡವುವುದು ಇಲ್ಲಿ. ನೀವು ಬರೆಯಬೇಕಿದ್ದದ್ದು ಇದನ್ನು.

ಇನ್ನೊಂದು ತಕರಾರು ಒತ್ತಕ್ಷರದ್ದು. ‘ಕೊನೆಯ ರು ಕಳಚಿ ತೆ ಹಚ್ಚಿದರೆ ಮುಗಿಯಿತು’ ಎಂಬ ನಿಮ್ಮ ಸೂತ್ರ ತಬೆರುಗೆ ಸರಿ. ಕಿರುಗೆ? ಕಿರು ಎರಡಿವೆ. ಬಟ್ಟೆ ತೊಡುವ ಕಿರು ‘ಕಿತೆ’ ಆಗುತ್ತದೆ, ಕತ್ತರಿಸುವ ಕಿರು ‘ಕಿತ್ತೆ’ ಆಗುತ್ತದೆ. ನಿಷೇಧಕ್ಕೆ ಹಾಕಿ ನೋಡಿ, ಗುಟ್ಟು ಗೊತ್ತಾಗುತ್ತದೆ: ಒಂದು ಕಿನೈ, ಇನ್ನೊಂದು ಕಿರನೈ. ಎರಡನೆಯದರಲ್ಲಿ ರಕಾರ ಧಾತುವಿನ ಒಳಗೇ ಕೂತಿದೆ, ತೆ ಬಂದು ತಾಗಿದಾಗ ಅದು ಒತ್ತಾಗುತ್ತದೆ. ನಮ್ಮ ‘ಕೀಳು’ ಕಿತ್ತು ಆಗುವುದಿಲ್ಲವೇ? ನೀವು ಎರಡನ್ನೂ ‘ಕಿತೆ’ ಎಂದೇ ಬರೆದು ಮುಂದೆ ಹೋಗಿದ್ದೀರಿ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಗೊತ್ತಿರುವ ಜನ ಸ್ವಾಮಿ ನಾವು.

ಅಂದಹಾಗೆ, ‘ಇಷ್ಟೊಂದು ರೂಪ ಬದಲಾಯಿಸುವ ಭಾಷೆ ಇನ್ನೊಂದಿಲ್ಲ’ ಎಂಬ ಗೋಳನ್ನು ಹೊಡೆದುಹಾಕಿದ್ದೇನೆ. ಹೇಳು-ಹೇಳಿ, ಕೀಳು-ಕಿತ್ತು, ಬೀಳು-ಬಿದ್ದು, ಏಳು-ಎದ್ದು ಎನ್ನುವವರು ಆಡುವ ಮಾತಲ್ಲ ಅದು. ಜಪಾನಿಯಲ್ಲಿ ಪೂರ್ತಿ ದಾರಿ ತಪ್ಪಿದವು ಎರಡೇ, ಮಾಡುವ ಸುರು ಮತ್ತು ಬರುವ ಕುರು. ಮೇಷ್ಟ್ರು ಬಂದ ‘ಕಿತೆ’ ಈ ಕುರುವಿನದೇ. ಹೋಗುವ ಇಕು ಮಾತ್ರ ತೆ-ರೂಪದಲ್ಲಿ ಕೊಂಚ ಹಟ ಮಾಡಿ ‘ಇತ್ತೆ’ ಆಗುತ್ತದೆ. ಇನ್ನು ನಾನು ತಿಂದರೂ, ಅವಳು ತಿಂದರೂ, ಊರೇ ತಿಂದರೂ ತಬೆರು ತಬೆರುವೇ.

ಇಷ್ಟು ಸಿಡುಕಲು ಕಾರಣ ಇದೆ. 2003ರಲ್ಲಿ ನಾನೂ ಬೆಂಗಳೂರಿನಲ್ಲಿ ಒಬ್ಬ ಜಪಾನಿ ಮೇಡಂ ಹತ್ತಿರ ಸಂಜೆ ಪಾಠಕ್ಕೆ ಹೋಗುತ್ತಿದ್ದೆ. ಆಗ ಜಪಾನಿ ಎಷ್ಟು ಬರುತ್ತದೆ ಎಂದು ಅಳೆಯುವ ಜೆಎಲ್‌ಪಿಟಿ ಪರೀಕ್ಷೆಗೆ ನಾಲ್ಕೇ ಹಂತ. ಎನ್5ರಿಂದ ಎನ್1ರವರೆಗೆ ಐದು ಆಗಿದ್ದು 2010ರಲ್ಲಿ. ನೋಟ್ಸ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ, ಅದೇ ದೊಡ್ಡಸ್ತಿಕೆ. ಯುಗಾದಿಗೆ ಅವರನ್ನು ಹೋಳಿಗೆ ಊಟಕ್ಕೆ ಕರೆಯೋಣ ಎಂದು ಫೋನ್ ಮಾಡಿದೆ. ಗಾಬರಿಯಲ್ಲಿ ಮನೆಗೆ, ಊಟಕ್ಕೆ ಎಂಬ ಪದಗಳೆಲ್ಲ ಮರೆತುಹೋಗಿ, ‘ಬನ್ನಿ’ ಒಂದನ್ನಾದರೂ ಹೇಳೋಣ ಎಂದು ‘ಕಿತ್ತೆ ಕುದಸೈ’ ಅಂದೆ. ಅವರು ‘ಹೈ’, ಅಂದರೆ ಸರಿ, ಎಂದು ಫೋನ್ ಇಟ್ಟುಬಿಟ್ಟರು. ನಮ್ಮ ಹಾಗೆ ಜಪಾನಿನಲ್ಲೂ ಫೋನ್ ‘ಕಟ್’ ಮಾಡುತ್ತಾರೆ. ಅದಕ್ಕೂ ಕತ್ತರಿಸುವ ಕಿರುವೇ. ದಯವಿಟ್ಟು ಫೋನ್ ಇಡಿ ಎಂದು ನಾನೇ ಕೇಳಿಕೊಂಡಿದ್ದೆ.

ಮುಂದಿನ ಪಾಠದಲ್ಲಿ ಮೇಡಂ ಏನೂ ಅನ್ನಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ತಟ್ಟಿದರು. ಕಿ, ತೆ: ಎರಡು ತಟ್ಟು, ಬನ್ನಿ. ಕಿ, ತ್, ತೆ: ಮೂರು ತಟ್ಟು, ಕತ್ತರಿಸಿ. ಕಿ, ಇ, ತೆ: ಮತ್ತೆ ಮೂರು, ಕೇಳಿ. ನನಗೆ ಥಟ್ಟನೆ ಹೊಳೆಯಿತು, ಇದು ಮಾತ್ರೆಗಳ ಲೆಕ್ಕ! ಕಿತೆಗೆ ಎರಡು ಲಘು, ಕಿತ್ತೆಗೂ ಕೀತೆಗೂ ಒಂದೊಂದು ಗುರು, ಒಂದೊಂದು ಲಘು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದ ಕೈಗೆ ಇದೇನು ಕಷ್ಟ? ಅವತ್ತು ರಾತ್ರಿ ಕೂತು ಇಡೀ ನೋಟ್‌ಬುಕ್ಕನ್ನು ಕನ್ನಡ ಲಿಪಿಗೆ ಇಳಿಸಿದೆ. ಒತ್ತು, ದೀರ್ಘ, ಹ್ರಸ್ವ ಎ, ದೀರ್ಘ ಏ ಎಲ್ಲಕ್ಕೂ ಅಕ್ಷರ ಸಿಕ್ಕಿತು. ಅಂಥ ಲಿಪಿಯಲ್ಲೇ ಬರೆಯುತ್ತ ನೀವು ಒತ್ತು ಬಿಟ್ಟಿದ್ದೀರಲ್ಲ, ಹೊಟ್ಟೆ ಉರಿಯದೆ ಇನ್ನೇನು?

ಉಳಿದ ಪುಟಗಳ ತಂಟೆಗೆ ನಾನು ಹೋಗಿಲ್ಲ. ಹಾಳೆಗಳನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ‘ಕಿತೆ’ ಬಂದಲ್ಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ, ಒಟ್ಟು ಹನ್ನೊಂದು. ಅವುಗಳಲ್ಲಿ ನಾಲ್ಕು ಸರಿಯಾಗಿವೆ. ಯಾವ ನಾಲ್ಕು ಎಂದು ಗುರುತು ಮಾಡಿಲ್ಲ. ಮೇಜು ತಟ್ಟಿ ನೋಡಿ, ತಿದ್ದಿ ಕಳಿಸಿ.

ನಿಮ್ಮ,
ಸಂಪಾದಕ